ಇಲ್ಲ್ ಉಂಡಾ? ಮಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಕಥೆ

ತುಳುವಿನಲ್ಲಿ ಮನೆಗೆ ‘ಇಲ್ಲ್’ ಅಂತಾರೆ. ಇದು ಗೊತ್ತಿಲ್ಲದೆ ಮೊದಲ ವಾರ ನಾನು ಎಷ್ಟು ಮನೆ ಕಳೆದುಕೊಂಡೆನೋ ದೇವರಿಗೇ ಗೊತ್ತು. ಗೂಡಂಗಡಿ ಮುಂದೆ ನಿಂತು "ಇಲ್ಲಿ ಎಲ್ಲ್ಯರ ಬಾಡಿಗಿ ಮನಿ ಅದಾವೇನ್ರಿ" ಅಂತ ಕೇಳುತ್ತಿದ್ದೆ. ಅಂಗಡಿಯವರು ಪಕ್ಕದಲ್ಲಿ ಕೂತವರ ಕಡೆ ತಿರುಗಿ "ಇಲ್ಲ್..." ಅಂತ ಏನೋ ಶುರು ಮಾಡುತ್ತಿದ್ದರು. ಅಷ್ಟು ಕಿವಿಗೆ ಬಿದ್ದದ್ದೇ ತಡ, "ಆತ್ರಿ" ಅಂದು ಹೊರಟುಬಿಡುತ್ತಿದ್ದೆ. ನಾಲ್ಕನೇ ದಿನ ಒಬ್ಬರು ಹಿಂದಿನಿಂದ ಕೂಗಿದರು. "ಓಯ್ ಮಾರಾಯ್ರೆ, ಮನೆ ಉಂಟು ಅಂತ ಹೇಳ್ತಾ ಇದ್ದೇನೆ. ನೀವು ಓಡುವುದು ಎಂತಕ್ಕೆ?"

ಅವರ ಭಾಷೆಯಲ್ಲಿ ಇಲ್ಲ ಅನ್ನಲಿಕ್ಕೆ ‘ಇಜ್ಜಿ’. ಈ ಎರಡು ಪದ ಕಲಿತ ಮೇಲೆ ನನ್ನ ಹುಡುಕಾಟ ನಿಜವಾಗಿ ಶುರುವಾಯಿತು. ಮುಂದಿನ ಎರಡು ತಿಂಗಳಲ್ಲಿ ಜಾಸ್ತಿ ಕೇಳಿದ್ದು ಎರಡನೇ ಪದವನ್ನೇ.

ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನವನು. ಬಿ.ಕಾಂ. ಮಾಡಿ ಹುಬ್ಬಳ್ಳಿಯಲ್ಲಿ ಆರು ವರ್ಷ ಲೆಕ್ಕ ಬರೆದವನು. 2024ರ ಜುಲೈ ಕೊನೆಗೆ ಮಂಗಳೂರಿನ ದಕ್ಕೆಯ, ಅಂದರೆ ಮೀನಿನ ಬೋಟು ಬಂದು ನಿಲ್ಲುವ ಬಂದರಿನ, ಹತ್ತಿರ ಒಂದು ಮೀನಿನ ವ್ಯಾಪಾರದ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಜುಲೈ ಕೊನೆಯೇ ಯಾಕೆ ಅಂದರೆ, ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ. ಆಗಸ್ಟ್ ಬಂತು ಅಂದರೆ ಬೋಟು ಹೊರಡುತ್ತದೆ, ಡೀಸೆಲ್ಲು, ಐಸು, ಕೂಲಿ, ಅಡ್ವಾನ್ಸು ಎಲ್ಲದರ ಲೆಕ್ಕ ಒಟ್ಟಿಗೆ ಶುರು. ಹುಟ್ಟಿದಾಗಿನಿಂದ ಮೀನು ಮುಟ್ಟದ ಲಿಂಗಾಯತರ ಹುಡುಗ ಬಂಗುಡೆ, ಬೂತಾಯಿ, ಅಂಜಲ್ ಅಂತ ಕಾಲಂ ಹಾಕಿ ಕೂತೆ. ಹೊಟ್ಟೆಪಾಡು.

ದಕ್ಕೆ ನೋಡದವರಿಗೆ ಸ್ವಲ್ಪ ಹೇಳಬೇಕು. ಬೆಳಗಿನ ಜಾವ ನಾಲ್ಕಕ್ಕೇ ಅಲ್ಲಿ ಹಗಲು. ಬೋಟಿನಿಂದ ಬುಟ್ಟಿ ಇಳಿಯುತ್ತದೆ, ಏಲಂ ಕೂಗುತ್ತಾರೆ, ನೆಲದ ಮೇಲೆ ಐಸಿನ ನೀರು ಹರಿಯುತ್ತಿರುತ್ತದೆ. ನಮ್ಮ ಲೆಕ್ಕದ ಒಂದು ಬೋಟನ್ನೇ ತಗೊಳ್ಳಿ. ಮಾಲೀಕರು ತುಳು ಮಾತಾಡುವ ಮೊಗವೀರರು, ಮೀನುಗಾರಿಕೆಯ ಜನ. ಬೋಟು ನಡೆಸುವ ತಂಡೇಲ ತಮಿಳಿನವನು. ಬಲೆ ಎಳೆಯುವವರಲ್ಲಿ ಒಡಿಶಾದವರು, ಜಾರ್ಖಂಡಿನವರು. ಮೀನು ಕೊಳ್ಳುವವರಲ್ಲಿ ಬ್ಯಾರಿಗಳು, ಅಂದರೆ ಈ ಕರಾವಳಿಯ ಮುಸ್ಲಿಮರು, ಜಾಸ್ತಿ. ಅವರು ತಮ್ಮೊಳಗೆ ಬ್ಯಾರಿ ಭಾಷೆ ಆಡುತ್ತಾರೆ, ಮೊಗವೀರ ಹೆಂಗಸರ ಜೊತೆ ತುಳುವಿನಲ್ಲಿ ಚೌಕಾಸಿ, ಕೇರಳದ ಲಾರಿಯವನ ಜೊತೆ ಮಲಯಾಳಂ, ನನ್ನ ಜೊತೆ ಕನ್ನಡ. ಪಕ್ಕದ ಆಫೀಸಿನ ಕ್ಯಾಷಿಯರ್ ಮನೆಯಲ್ಲಿ ಕೊಂಕಣಿ. ಒಂದು ಕ್ರೇಟ್ ಮೀನು ಬೋಟಿನಿಂದ ಲಾರಿಗೆ ಹೋಗುವಷ್ಟರಲ್ಲಿ ಐದಾರು ಭಾಷೆ ದಾಟುತ್ತದೆ. ಯಾರೂ ಯಾರನ್ನೂ ‘ನೀವು ಯಾವ ಜನ’ ಅಂತ ಕೇಳಿದ್ದು ಅಲ್ಲಿ ನಾನು ನೋಡಲಿಲ್ಲ. ರೇಟು ಕೇಳುತ್ತಾರೆ ಅಷ್ಟೆ.

ಮನೆ ವಿಚಾರಕ್ಕೆ ಬನ್ನಿ.

ಮೊದಲು ಸ್ಟೇಟ್‌ಬ್ಯಾಂಕ್ ಹತ್ತಿರ ಒಂದು ರೂಮಿನಲ್ಲಿದ್ದೆ. ಸ್ಟೇಟ್‌ಬ್ಯಾಂಕ್ ಅಂದರೆ ಇಲ್ಲಿ ಬ್ಯಾಂಕಲ್ಲ, ಸಿಟಿ ಬಸ್ಸುಗಳ ಸ್ಟ್ಯಾಂಡು. ಬ್ಯಾಂಕಿನ ಹೆಸರೇ ಜಾಗಕ್ಕೆ ಅಂಟಿಕೊಂಡಿದೆ. ಬಸ್ಸೆಲ್ಲ ಹೆಚ್ಚುಕಮ್ಮಿ ಖಾಸಗಿಯವು. ಕಂಡಕ್ಟರ್ "ರೈಟ್ ಪೋಯಿ" ಅಂದ ಕೂಡಲೇ ಹಾರುತ್ತವೆ. ಆ ರೂಮಿನಲ್ಲಿ ನಾವು ನಾಲ್ಕು ಜನ, ಒಂದೇ ಕಿಟಕಿ. ನಾನು ಹುಟ್ಟಿ ಬೆಳೆದ ಕಡೆ ವರ್ಷಕ್ಕೆ ಆರು ನೂರು, ಏಳು ನೂರು ಮಿಲಿಮೀಟರ್ ಮಳೆ ಬಂದರೆ ಹಬ್ಬ. ಇಲ್ಲಿ ಮೂರು ಸಾವಿರ ದಾಟುತ್ತದೆ. ಹತ್ತನೇ ದಿನ ನನ್ನ ಚರ್ಮದ ಬೆಲ್ಟಿಗೆ ಹಸಿರು ಬೂಷ್ಟು ಬಂತು. ಮದುವೆಗೆ ಮಾವ ಕೊಡಿಸಿದ ಬೆಲ್ಟದು. ಹೆಂಡತಿಗೆ ಫೋಟೋ ಕಳಿಸಿದೆ. "ಬೆಲ್ಟಿಗೇ ಹಿಂಗಾದ್ರ ನಿಮಗ ಏನ್ ಆಗಿರಬೇಕು, ಲಗೂನ ಮನಿ ನೋಡ್ರಿ" ಅಂದಳು.

ಆಗಸ್ಟ್ ಮೊದಲ ವಾರ ಹೋದ ಕಡೆಯೆಲ್ಲ ಒಂದೇ ಉತ್ತರ: "ಆಟಿ ಮುಗಿಯಲಿ." ಯಾವ ಆಟ ಮುಗಿಯಬೇಕು ಅಂತ ತಲೆ ಕೆರೆದುಕೊಂಡೆ. ತುಳುವರಿಗೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ ತಿಂಗಳು. ಒಳ್ಳೆಯ ಕೆಲಸ ಶುರು ಮಾಡುವುದಿಲ್ಲ. ಮನೆ ಕೊಡುವವರೂ ಕೊಡುವುದಿಲ್ಲ, ಹೋಗುವವರೂ ಹೋಗುವುದಿಲ್ಲ. ನಮ್ಮಲ್ಲಿ ಆಷಾಢ ಇದ್ದ ಹಾಗೆ. ಸರಿ, ಕಾದೆ.

ಆಟಿ ಮುಗಿದ ಮೇಲೆ ಬ್ರೋಕರ್ ಹಿಡಿದೆ. ಅವನಿಗೆ ಒಂದು ತಿಂಗಳ ಬಾಡಿಗೆ ಕಮಿಷನ್. ಫೋನಿನಲ್ಲಿ ಅವನು ಕೇಳಿದ ಪ್ರಶ್ನೆಗಳು ಕ್ರಮವಾಗಿ ಹೀಗಿದ್ದವು: ಫ್ಯಾಮಿಲಿಯಾ ಬ್ಯಾಚುಲರಾ, ವೆಜ್ಜಾ ನಾನ್‌ವೆಜ್ಜಾ, ಯಾವ ಊರು, ಯಾವ ಜನ. ಎಷ್ಟು ಬಾಡಿಗೆ ಕೊಡ್ತೀರಿ ಅನ್ನುವುದು ಐದನೆಯದು. "ಒಂಬತ್ತು ಸಾವಿರದ ಒಳಗೆ" ಅಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಿಜೈ, ಕದ್ರಿ, ಬೆಂದೂರು ಕಡೆ ತಲೆ ಎತ್ತಿ ನೋಡಿದರೆ ಬರೀ ಅಪಾರ್ಟ್‌ಮೆಂಟು. 2011ರ ಜನಗಣತಿಯಲ್ಲಿ ಸುಮಾರು ಐದು ಲಕ್ಷ ಜನರಿದ್ದ ಊರಿಗೆ ಇಷ್ಟು ಎತ್ತರ ಯಾಕೆ ಬೇಕು ಅನ್ನಿಸುತ್ತದೆ. ರಾತ್ರಿ ನೋಡಿದರೆ ಅರ್ಧಕ್ಕರ್ಧ ಕಿಟಕಿ ಕತ್ತಲೆ. ಗಲ್ಫಿನಲ್ಲಿ ಇರುವವರು ತೆಗೆದುಕೊಂಡು ಬೀಗ ಹಾಕಿ ಇಟ್ಟಿದ್ದಾರೆ ಅಂತ ವಾಚ್‌ಮನ್ ಹೇಳಿದ. ದೇರಳಕಟ್ಟೆ ಕಡೆ ಹೋದರೆ ಮೆಡಿಕಲ್ ಓದುವ ಮಕ್ಕಳು. ಮೂವರು ಸೇರಿ ಕೊಡುವ ಬಾಡಿಗೆಯನ್ನು ಒಬ್ಬ ಗುಮಾಸ್ತ ಎಲ್ಲಿಂದ ಕೊಡಬೇಕು?

ಒಂದು ಮನೆ ಬಹುತೇಕ ಕೈಗೆ ಬಂದಿತ್ತು. ಉರ್ವಾ ಕಡೆ, ಮಹಡಿ ಮೇಲೆ ಎರಡು ಕೋಣೆ. ಓನರ್ ನಿವೃತ್ತ ಬ್ಯಾಂಕ್ ಅಧಿಕಾರಿ. ಈ ಜಿಲ್ಲೆಯಲ್ಲಿ ಬ್ಯಾಂಕಿನವರಿಗೆ ಬರವಿಲ್ಲ ಬಿಡಿ. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಈ ಊರಲ್ಲೇ. ಇವರು ನನ್ನನ್ನು ಎದುರು ಕೂರಿಸಿಕೊಂಡು ಸಾಲದ ಅರ್ಜಿ ನೋಡುವ ಹಾಗೆ ನೋಡಿದರು.

"ನೀವು ಯಾವ ಜನ?"

"ಲಿಂಗಾಯತರು ಸರ್."

"ಅಂದ್ರೆ ಬ್ರಾಹ್ಮಣರಾ?"

"ಅಲ್ಲ ಸರ್."

"ಮತ್ತೆ ಮೀನು, ಮಾಂಸ?"

"ಮನೆಯಲ್ಲಿ ಮೊಟ್ಟೆನೂ ತರೋದಿಲ್ಲ ಸರ್."

ಮುಖ ಅರಳಿತು. ಒಳಗೆ ತಿರುಗಿ "ಕಾಫಿ ತಾ" ಅಂದರು. ಬಾವಿ ತೋರಿಸಿದರು, "ಬೇಸಿಗೆಯಲ್ಲಿ ತುಂಬೆ ಡ್ಯಾಮಿನ ನೀರು ನಿಂತರೂ ನಮಗೆ ತೊಂದರೆ ಇಲ್ಲ" ಅಂದರು. ನಮ್ಮ ಕಡೆ ನಳದ ನೀರಿಗೆ ವಾರಗಟ್ಟಲೆ ಕಾಯುವವರು ನಾವು. ಆ ಬಾವಿ ನೋಡಿಯೇ ನನಗೆ ಅರ್ಧ ಹೊಟ್ಟೆ ತುಂಬಿತು. ಕಾಫಿ ಬಂತು. ಕುಡಿಯುತ್ತಾ ಇರುವಾಗ ಸುಮ್ನೆ ಕೇಳುವ ಹಾಗೆ ಕೇಳಿದರು:

"ಕೆಲಸ ಎಲ್ಲಿ ಅಂದ್ರಿ?"

"ದಕ್ಕೆಯಲ್ಲಿ ಸರ್. ಮೀನಿನ ಆಫೀಸು."

ಅವರ ಕುರ್ಚಿ ಅರ್ಧ ಅಡಿ ಹಿಂದೆ ಹೋಯಿತು. ನಿಜವಾಗಿ ಹೋಯಿತು, ಮೊಸಾಯಿಕ್ ನೆಲದ ಮೇಲೆ ಸದ್ದು ಬಂತು. ಬೆಳಿಗ್ಗೆ ಸ್ನಾನ ಮಾಡಿದ್ದೆ, ಅಂಗಿ ಬದಲಿಸಿದ್ದೆ. ಆದರೂ ನಾನೇ ನನ್ನ ತೋಳು ಮೂಸಿ ನೋಡಿಕೊಂಡೆ. ಮೀನು ತಿನ್ನುವವರ ಮನೆಗೆ ನಾನು ಪುಳಿಚಾರು, ಬರೀ ಸೊಪ್ಪು ಸಾರಿನವನು; ತಿನ್ನದವರ ಮನೆಗೆ ಮೀನಿನ ವಾಸನೆ. "ಫೋನ್ ಮಾಡ್ತೇನೆ" ಅಂದರು. ಮಾಡಲಿಲ್ಲ.

ಇನ್ನೊಂದು ಕಡೆ ನನ್ನ ಮಾತೇ ಅಡ್ಡ ಬಂತು. ನಾನು ಬಾಯಿ ತೆಗೆದ ಕೂಡಲೇ ಆ ಹೆಂಗಸು "ನೀವು ಘಟ್ಟದ ಮೇಲಿನವರಾ?" ಅಂದರು. ಹೌದು ಅಂದೆ. "ನಮ್ಮ ಮನೆ ಕಟ್ಟಿದ್ದು ನಿಮ್ಮವರೇ. ಒಳ್ಳೆ ಕೆಲಸ ಮಾಡ್ತಾರೆ. ಆದ್ರೆ ಬಾಡಿಗೆಗೆ..." ಅಂತ ನಿಲ್ಲಿಸಿದರು. ನನ್ನನ್ನು ಗಾರೆ ಕೆಲಸದವನು ಅಂದುಕೊಂಡಿದ್ದರು. ಅಲ್ಲ, ಆಫೀಸು ಕೆಲಸ ಅಂತ ನಾನು ಗಡಿಬಿಡಿಯಲ್ಲಿ ಐಡಿ ಕಾರ್ಡ್ ತೆಗೆದು ತೋರಿಸಿದೆ. ರಸ್ತೆಗೆ ಬಂದ ಮೇಲೆ ನನಗೇ ನಾಚಿಕೆಯಾಯಿತು. ಗಾರೆ ಕೆಲಸದವನೇ ಆಗಿದ್ದರೆ ಏನಾಗುತ್ತಿತ್ತು?

ಅದೇ ಭಾನುವಾರ ಆ ನಮ್ಮವರನ್ನೇ ಹುಡುಕಿಕೊಂಡು ಹೋದೆ. ಹುಡುಕುವುದೇನು, ಕಿವಿ ಕರೆದುಕೊಂಡು ಹೋಗುತ್ತದೆ. ಕೊಟ್ಟಾರದ ಆಚೆ ಎದ್ದು ನಿಂತಿದ್ದ ಬಿಲ್ಡಿಂಗಿನ ಹಿಂದೆ ಯಾರೋ "ಏ ತಂಗಿ, ಕೊಡಾ ತಗೊಂಬಾ" ಅಂದಿದ್ದು ಕೇಳಿಸಿತು. ತಗಡಿನ ಶೆಡ್ಡುಗಳು, ಸಾಲಾಗಿ ಹತ್ತೋ ಹನ್ನೆರಡೋ. ಬಾಗಲಕೋಟೆ, ಕೊಪ್ಪಳ, ನಮ್ಮ ರೋಣದ ಪಕ್ಕದ ಹಳ್ಳಿಯವರೂ ಇದ್ದರು. ಮೂರು ಕೆಂಪು ಮುರಕಲ್ಲು ಇಟ್ಟು ಒಲೆ ಮಾಡಿದ್ದರು. ಒಬ್ಬಳು ಹೆಂಗಸು ಪ್ಲೈವುಡ್ ತುಂಡಿನ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಮೇಲೆ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಎರಡೂ ಸದ್ದು ಸೇರಿ ಮಾತು ಕೇಳುತ್ತಿರಲಿಲ್ಲ. ಜೋಳದ ಹಿಟ್ಟು ಊರಿಂದ ಬಸ್ಸಿನಲ್ಲಿ ಬರುತ್ತದಂತೆ. ಎರಡು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ತಿಂಗಳಾಗಿತ್ತು ರೊಟ್ಟಿ ತಿಂದು.

"ಬಾಡಿಗಿ ಮನಿ ಸಿಗವಲ್ದು ಅಣ್ಣಾರ" ಅಂದೆ.

ಮೇಸ್ತ್ರಿ ನಕ್ಕ. "ಈ ಊರಾಗ ಏಳು ಬಿಲ್ಡಿಂಗ್ ಕಟ್ಟೇನಿ. ಪ್ಲಾಸ್ಟರ್ ಮುಗದು ಗೇಟ್ ಕೂತ ಮ್ಯಾಲ ವಾಚ್‌ಮನ್ ನನ್ನ ಒಳಗ ಬಿಡಂಗಿಲ್ಲ. ನಿಮಗ ಚಾ ಆದ್ರೂ ಕೊಟ್ಟಾರಲ್ರಿ."

ಕೊನೆಗೆ ಮನೆ ಹುಡುಕಿಕೊಟ್ಟಿದ್ದು ನಮ್ಮ ಆಫೀಸಿನ ಪಿಕಪ್ ಓಡಿಸುವ ಹುಡುಗ. ಉಳ್ಳಾಲ ಕಡೆಯ ಬ್ಯಾರಿ ಹುಡುಗ, ಇಪ್ಪತ್ತಾರು ವರ್ಷ ಇರಬಹುದು. ಐಸ್ ತರಲು ಹೋದ ಕಡೆಯೆಲ್ಲ ನನಗಾಗಿ ವಿಚಾರಿಸುತ್ತಿದ್ದ. ಯಾರಿಗೆ ಏನಂತ ಕರೆಯಬೇಕು ಅಂತ ಪಾಠ ಹೇಳಿಕೊಟ್ಟವನೂ ಅವನೇ. "ಎಲ್ಲರಿಗೂ ರೀ ರೀ ಅನ್ನಬೇಡಿ ಸಾರ್. ಶೆಟ್ಟರಿಗೆ ಶೆಟ್ರೆ ಅನ್ನಿ, ಭಟ್ಟರಿಗೆ ಭಟ್ರೆ. ಕ್ರಿಶ್ಚಿಯನ್ ಹೆಂಗಸರಾದ್ರೆ ಬಾಯಮ್ಮ, ಗಂಡಸರಾದ್ರೆ ಪೊರ್ಬುಲೆ." ಒಂದು ನಮಸ್ಕಾರ ಮಾಡುವುದಕ್ಕೆ ಮುಂಚೆ ಎದುರಿನವರು ಯಾರು ಅಂತ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ? "ಮಾರಾಯ್ರೆ ಅನ್ನಿ. ಅದು ಎಲ್ಲರಿಗೂ ಆಗ್ತದೆ."

ಜೆಪ್ಪು ಕಡೆ ಒಂದು ಔಟ್‌ಹೌಸು ಖಾಲಿ ಉಂಟು ಅಂತ ಸೆಪ್ಟೆಂಬರ್ ಕೊನೆಗೆ ಸುದ್ದಿ ತಂದ. ಪಿಕಪ್ಪಿನಲ್ಲೇ ಹೋದೆವು. ಓಣಿಯ ತಿರುವಿನಲ್ಲಿ, ಗೇಟಿಗಿಂತ ಸ್ವಲ್ಪ ಹಿಂದೆಯೇ ಗಾಡಿ ನಿಲ್ಲಿಸಿದ.

"ಬಾ ಒಳಗೆ" ಅಂದೆ.

"ನಾನು ಇಲ್ಲೇ ನಿಲ್ತೇನೆ. ನೀವು ಹೋಗಿ ಮಾತಾಡಿ ಸಾರ್."

ಮಳೆ ಜಿಟಿಜಿಟಿ ಹನಿಯುತ್ತಿತ್ತು. ಗಾಡಿಯೊಳಗೆ ಕೂತು ಗಾಜು ಏರಿಸಿದ.

ಓನರ್ ವಯಸ್ಸಾದ ಹೆಂಗಸು, ಮಕ್ಕಳೆಲ್ಲ ಪರದೇಶದಲ್ಲಿ. ಅವರು ಯಾವ ಜನ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಅದನ್ನೇ ಹಿಡಿದುಕೊಂಡು ಕೂರುತ್ತೀರಿ. ಔಟ್‌ಹೌಸು ಹಳೇ ಹೆಂಚಿನದು. ಒಂದು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು, ಅಂಗಳದಲ್ಲಿ ಬಾವಿ. ರಿಪೇರಿಗೆ ಅಂತ ಇಳಿಸಿದ್ದ ನಾಲ್ಕು ಹೆಂಚು ಗೋಡೆಗೆ ಒರಗಿಸಿದ್ದರು. ಒಂದನ್ನು ಎತ್ತಿ ನೋಡಿದೆ. ಪಾಚಿ ಒರೆಸಿದರೆ ಅಡಿಯಲ್ಲಿ ಅಚ್ಚೊತ್ತಿದ ಅಕ್ಷರ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚಿನ ವಯಸ್ಸಲ್ಲ ಅಂತ ಆಮೇಲೆ ತಿಳಿಯಿತು. ಆ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚು ಸುಟ್ಟರು, ಊರಿನ ಬೇರೆ ಕಡೆ ನೇಯ್ಗೆ ನಡೆಸಿದರು, ಅಚ್ಚುಕೂಟ ಇಟ್ಟರು. ನಮ್ಮ ಬೆಟಗೇರಿಯಲ್ಲಿ ಆಸ್ಪತ್ರೆ ಕಟ್ಟಿದವರೂ ಅವರೇ. ಈಗಲೂ ನಮ್ಮ ಕಡೆ ಅದು ಜರ್ಮನ್ ಆಸ್ಪತ್ರೆ. ನಾನು ಹುಟ್ಟಿದ್ದು ಅಲ್ಲೇ. ಆ ಹೆಂಚು ಕೈಯಲ್ಲಿ ಹಿಡಿದಾಗ ಯಾಕೋ ಈ ಮನೆ ನನ್ನದೇ ಅನ್ನಿಸಿಬಿಟ್ಟಿತು.

ಪ್ರಶ್ನೆಗಳಾದವು. ವೆಜ್ಜು ಅಂದಿದ್ದಕ್ಕೆ "ಪಾಪ" ಅಂದರು. ದಕ್ಕೆ ಕೆಲಸ ಅಂದಿದ್ದಕ್ಕೆ "ಹಾಗಾದ್ರೆ ಒಳ್ಳೆ ಅಂಜಲ್ ಬಂದಾಗ ಹೇಳಿ" ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಗೇಟಿನ ಆಚೆ ನೋಡಿದರು.

"ಅದು ಯಾರು, ಗಾಡಿಯಲ್ಲಿ?"

"ನಮ್ಮ ಆಫೀಸಿನ ಡ್ರೈವರ್."

"ಎಂತ ಹೆಸರು?"

ಹೆಸರು ಹೇಳಿದೆ. ಅವರು ತಲೆ ಆಡಿಸಿದರು. "ನೀವು ಮಾತ್ರ ಅಲ್ವಾ ಇರುವುದು? ನಿಮ್ಮ ಜೊತೆಯವರೆಲ್ಲ ಬಂದು ಹೋಗಿ ಮಾಡಿದ್ರೆ ನಮಗೆ ಆಗುವುದಿಲ್ಲ. ಅಕ್ಕಪಕ್ಕದವರು ಕೇಳ್ತಾರೆ."

"ಇಲ್ಲ ಅಮ್ಮ. ನಾನು, ನನ್ನ ಹೆಂಡತಿ ಮಾತ್ರ" ಅಂದೆ.

ಇಷ್ಟೇ ಅಂದೆ. ಮನೆ ತೋರಿಸಿದವನೇ ಅವನು ಅಂತ ಹೇಳಲಿಲ್ಲ. ಎರಡು ತಿಂಗಳಿಂದ ಅಲೆದು ಸುಸ್ತಾಗಿತ್ತು, ಬಾವಿ ಇತ್ತು, ಹೆಂಚು ಇತ್ತು. ಬಾಡಿಗೆ ಎಂಟೂವರೆ ಸಾವಿರ, ಅಡ್ವಾನ್ಸ್ ಐವತ್ತು ಸಾವಿರ. ಒಪ್ಪಿದೆ. ಗಾಡಿಗೆ ವಾಪಸ್ ಬಂದಾಗ "ಆಯ್ತಾ ಸಾರ್?" ಅಂದ. ಆಯ್ತು ಅಂದೆ. ಬ್ರೋಕರ್‌ಗೆ ಕೊಡಬೇಕಿದ್ದ ದುಡ್ಡಿನಲ್ಲಿ ಸ್ವಲ್ಪ ಅವನ ಕೈಗಿಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಒಂದು ಗಡ್‌ಬಡ್ ತಿನ್ನಿಸಿ ಸಾಕು." ಹಂಪನಕಟ್ಟೆಗೆ ಹೋಗಿ ಐಸ್‌ಕ್ರೀಮ್ ತಿಂದೆವು. ಎತ್ತರದ ಗ್ಲಾಸಿನ ತಳದಲ್ಲಿ ಸಿಕ್ಕಿಕೊಂಡ ಜೆಲ್ಲಿಯನ್ನು ಉದ್ದ ಚಮಚದಿಂದ ಬಿಡಿಸುತ್ತಾ ಅವನು ಬೋಟಿನ ಸುದ್ದಿ ಹೇಳುತ್ತಿದ್ದ. ಓನರ್ ಏನು ಕೇಳಿದರು ಅಂತ ಅವನು ಕೇಳಲೇ ಇಲ್ಲ. ಗಾಡಿಯನ್ನು ತಿರುವಿನಲ್ಲೇ ನಿಲ್ಲಿಸಿದವನಿಗೆ ಕೇಳುವ ಅಗತ್ಯವೂ ಇರಲಿಲ್ಲ ಅನ್ನಿಸುತ್ತದೆ.

ಆದರೆ ಒಂದು ಷರತ್ತಿತ್ತು. ಹೆಂಡತಿಯನ್ನು ನೋಡದೆ ಕೀ ಕೊಡುವುದಿಲ್ಲ ಅಂದಿದ್ದರು. ಬ್ಯಾಚುಲರ್‌ಗಳು ಫ್ಯಾಮಿಲಿ ಅಂತ ಸುಳ್ಳು ಹೇಳಿ ಬರುತ್ತಾರಂತೆ. ಹೆಂಡತಿಗೆ ಫೋನ್ ಮಾಡಿದರೆ "ನನ್ನ ಇನ್ನೊಮ್ಮೆ ಕನ್ಯಾ ನೋಡಾಕ ಕರೀತೀರೇನ್ರಿ?" ಅಂತ ಬೈದಳು. ಬೈದುಕೊಂಡೇ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಬಿಜೈ ಸ್ಟ್ಯಾಂಡಿನಲ್ಲಿ ಇಳಿದಳು, ಇಳಕಲ್ ಸೀರೆ, ಕೈಯಲ್ಲಿ ರೊಟ್ಟಿ ಗಂಟು. ಓನರ್ ಅಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ಸೀರೆಯ ಸೆರಗು ಮುಟ್ಟಿ "ಇದು ಎಲ್ಲಿಯದ್ದು?" ಅಂದರು. ಇವಳು ಶುರು ಮಾಡಿದಳು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧವೂ ತಿಳಿಯಲಿಲ್ಲ. ಹತ್ತು ನಿಮಿಷದಲ್ಲಿ ಕೀ ಕೈಗೆ ಬಂತು.

ಅಗ್ರಿಮೆಂಟ್ ಕಥೆ ಸಣ್ಣದು. ಹನ್ನೊಂದು ತಿಂಗಳಿಗೆ, ಯಾಕಂದ್ರೆ ಒಂದು ವರ್ಷ ದಾಟಿದರೆ ಕಾನೂನಿನ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಆ ತಾಪತ್ರಯ ಯಾರಿಗೂ ಬೇಡ. ಸಹಕಾರಿ ಸೊಸೈಟಿಯಲ್ಲಿ ಇ-ಸ್ಟಾಂಪ್ ತಂದೆ. ಟೈಪ್ ಮಾಡುವವರ ಹತ್ತಿರ ಎಲ್ಲ ರೆಡಿ ಇರುತ್ತದೆ, ಹೆಸರು, ದುಡ್ಡು ತುಂಬಿಸುವುದಷ್ಟೆ. ಬಿಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು, ನವೀಕರಿಸಿದರೆ ಶೇ. 5 ಏರಿಕೆ. ತಲೆನೋವು ಬಂದದ್ದು ಕರೆಂಟಿನಲ್ಲಿ. ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಆಧಾರ್ ಮತ್ತು ಮೀಟರಿನ ಆರ್‌ಆರ್ ನಂಬರ್ ಜೋಡಿಸಿ ಅರ್ಜಿ ಹಾಕಬೇಕಲ್ಲ? ಆ ಮೀಟರಿಗೆ ಹಳೇ ಬಾಡಿಗೆದಾರನ ಆಧಾರ್ ಅಂಟಿಕೊಂಡಿತ್ತು. ಅವನು ಮನೆ ಬಿಟ್ಟು ಹೋಗಿದ್ದ, ಆದರೆ ಕಂಪ್ಯೂಟರಿನಲ್ಲಿ ಇನ್ನೂ ಅಲ್ಲೇ ವಾಸವಾಗಿದ್ದ. ಅವನನ್ನು ಅಲ್ಲಿಂದ ಬಿಡಿಸಲು ಎರಡು ಸಲ ಆಫೀಸಿಗೆ ಅಲೆದೆ.

ಸಾಮಾನು ಸಾಗಿಸಿದ ದಿನ ದಸರಾ ಗದ್ದಲ. ರಸ್ತೆಯಲ್ಲಿ ಹುಲಿವೇಷದವರು, ತಾಸೆಯ ಪೆಟ್ಟಿಗೆ ಎದೆ ನಡುಗುತ್ತಿತ್ತು. ಪಿಕಪ್ಪು ಅದೇ, ಓಡಿಸುವವನೂ ಅವನೇ. ಮಂಚ, ಎರಡು ಟ್ರಂಕು, ಗ್ಯಾಸ್ ಸ್ಟೌವು ಗೇಟಿನವರೆಗೆ ತಂದಿಟ್ಟ. ಒಳಗೆ ಹೊತ್ತಿದ್ದು ನಾನು, ನನ್ನ ಹೆಂಡತಿ. ಅವಳಿಗೆ ಏನೂ ಗೊತ್ತಿರಲಿಲ್ಲ. "ಬಾ ತಮ್ಮಾ, ನೀರಾದ್ರೂ ಕುಡದು ಹೋಗು" ಅಂತ ಕರೆದಳು. ಅವನು ನನ್ನ ಮುಖ ನೋಡಿದ. "ಲೋಡ್ ಉಂಟು ಅಕ್ಕ, ಲೇಟಾಗ್ತದೆ" ಅಂದ. ಅವಳು ತಂಬಿಗೆ ಹಿಡಿದು ಗೇಟಿಗೇ ಹೋದಳು. ಅಲ್ಲೇ ನಿಂತು ಕುಡಿದ.

ಈಗ ಈ ಮನೆಗೆ ಬಂದು ವರ್ಷವಾಗುತ್ತಾ ಬಂತು. ಕೆಲಸದಿಂದ ಬಂದ ಕೂಡಲೇ ಅಂಗಿ ಬಿಚ್ಚಿ ಬಾವಿಕಟ್ಟೆಯ ಬಕೆಟ್ಟಿಗೆ ಹಾಕಬೇಕು, ಇದು ಹೆಂಡತಿಯ ಕಾನೂನು. ಓನರ್ ಅಮ್ಮನಿಗೆ ವಾರಕ್ಕೊಮ್ಮೆ ಮೀನು ತಂದುಕೊಡುತ್ತೇನೆ. ಆರಿಸಿ ಕೊಡುವವನು ಆ ಹುಡುಗನೇ. ನನಗೆ ಕಿವಿರು ನೋಡಿ ತಾಜಾ ಯಾವುದು ಅಂತ ಹೇಳಲು ಇನ್ನೂ ಬರುವುದಿಲ್ಲ. "ಎಷ್ಟು ಒಳ್ಳೆ ಮೀನು ಆರಿಸ್ತೀರಿ ಮಾರಾಯ್ರೆ, ತಿನ್ನದಿದ್ದರೂ" ಅಂತ ಅಮ್ಮ ಹೊಗಳುತ್ತಾರೆ.

ಹೋದ ತಿಂಗಳು ಅವನಿಗೆ ಮದುವೆ ಗೊತ್ತಾಯಿತು. ಉಳ್ಳಾಲದ ಮನೆಯಲ್ಲಿ ಅಣ್ಣಂದಿರ ಸಂಸಾರವೇ ತುಂಬಿದೆ, ದಕ್ಕೆಗೆ ಹತ್ತಿರ ಒಂದು ಸಣ್ಣ ಮನೆ ಬೇಕಂತೆ. ಐಸ್ ಬಿಲ್ ಕೊಡುತ್ತಾ ಕೇಳಿದ. ತಮಾಷೆಗೆ ಅನ್ನುವ ಹಾಗೆ ನನಗೆ ಗೊತ್ತಿರುವ ತುಳುವಿನಲ್ಲೇ ಕೇಳಿದ. "ಸಾರ್, ನಿಮ್ಮ ಓಣಿಯಲ್ಲಿ ಇಲ್ಲ್ ಉಂಡಾ?"

ಉಂಟು. ನಮ್ಮ ಎದುರಿನ ಮನೆಯವರ ಮಹಡಿ ಜೂನ್‌ನಿಂದ ಖಾಲಿ ಇದೆ. ಆವತ್ತೇ ಸಂಜೆ ಹೋಗಿ ಗೇಟಿನಲ್ಲಿ ನಿಂತು ಕೇಳಿದೆ. ಮನೆಯವರು ಖುಷಿಯಿಂದ ಹೊರಗೆ ಬಂದರು. ಹೌದು, ಖಾಲಿಯೇ ಉಂಟು, ನಿಮ್ಮ ಕಡೆಯವರಾದರೆ ಅಡ್ವಾನ್ಸ್ ಸ್ವಲ್ಪ ಕಮ್ಮಿ ಮಾಡುವ ಅಂದರು.

"ಯಾರಿಗೆ?" ಅಂತ ಕೇಳಿದರು.